ಎತ್ತಿದ ಕೈ ಯಾರದು?

ಬೀದರಿನಿಂದ ಮಾಮು ಫೋನು ಮಾಡಿದರೆ ಸಾಮಾನ್ಯವಾಗಿ ಎರಡೇ ಸಂಗತಿ. ಯಾರದೋ ನಿಕಾಹ್, ಇಲ್ಲವೇ ಯಾರದೋ ಜನಾಜಾ. ಈ ಸಲ ಎರಡೂ ಅಲ್ಲ. "ಒಂದು ಫಾರಂ ಬಂದಿದೆ ಬೇಟಾ, ಎಲ್ಲಾ ಇಂಗ್ಲಿಷಿನಲ್ಲಿದೆ. ಕತೆ ಬರೆಯುವವನು ನೀನು, ನಿನಗೆ ಫಾರಂ ತುಂಬುವುದು ಯಾವ ಲೆಕ್ಕ" ಎಂದರು.

ಕತೆ ಬರೆಯುವವರಿಗೆ ಫಾರಂ ತುಂಬುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲವೆಂಬುದು ಮಾಮುವಿಗೆ ಗೊತ್ತಿಲ್ಲ. ಕತೆಯಲ್ಲಿ ಒಬ್ಬ ಮನುಷ್ಯನ ಬಗ್ಗೆ ಹತ್ತು ಪುಟ ಬರೆದರೂ ಅವನು ಪೂರ್ತಿ ಸಿಕ್ಕಲಿಲ್ಲವೆಂದು ವಿಮರ್ಶಕರು ಬೈಯುತ್ತಾರೆ. ಫಾರಮ್ಮಿಗಾದರೆ ಒಂದೂವರೆ ಇಂಚಿನ ಚೌಕದಲ್ಲಿ ಇಡೀ ಆಳು ಹಿಡಿಸಬೇಕು. ಆದರೂ ಹೊರಟೆವು. 2017ರಲ್ಲಿ ಕಲಬುರಗಿ–ಬೀದರ ರೈಲು ಶುರುವಾದ ಮೇಲೆ ಹೋಗದೆ ಇರಲು ನಮ್ಮ ಬಳಿ ನೆಪಗಳೂ ಕಡಿಮೆ.

ಇಲ್ಲೊಂದು ಮಾತು. ಒಬ್ಬರೇ ಹೋಗಿದ್ದರೂ 'ಹೊರಟೆವು' ಎಂದು ಬರೆಯುತ್ತಿದ್ದೇವೆ. ಇದು ದೊಡ್ಡಸ್ತಿಕೆಯಲ್ಲ, ಉರ್ದು ಶಾಲೆಯ ಚಾಳಿ. ನಾಲ್ಕನೆಯ ಇಯತ್ತೆಯವರೆಗೆ ಓದಿದ ಆ ಶಾಲೆಯಲ್ಲಿ 'ಮೈಂ' ಎಂದವರ ಕಿವಿಯನ್ನು ಮಾಸ್ಟರ್ ಸಾಬರು ಹಿಂಡುತ್ತಿದ್ದರು. 'ಹಮ್' ಎನ್ನಬೇಕು. ಮಾತಿನಲ್ಲಿ 'ನಾನು' ಹೆಚ್ಚಾದಷ್ಟೂ ಮನುಷ್ಯ ಕಡಿಮೆಯಾಗುತ್ತಾನೆ ಎಂಬುದು ಅವರ ನಂಬಿಕೆ. ಐದನೆಯ ಇಯತ್ತೆಗೆ ಕನ್ನಡ ಶಾಲೆಗೆ ಸೇರಿ, ಮೊದಲ ದಿನ "ನಾವು ಬಂದಿದ್ದೇವೆ ಸರ್" ಎಂದಾಗ ಮೇಷ್ಟ್ರು ನಮ್ಮ ಬೆನ್ನ ಹಿಂದೆ ಇಣುಕಿ, "ಉಳಿದವರು ಎಲ್ಲಿ?" ಎಂದು ಕೇಳಿ ತರಗತಿಯನ್ನೆಲ್ಲ ನಗಿಸಿದ್ದರು. ಚಾಳಿ ಮಾತ್ರ ಹೋಗಲಿಲ್ಲ.

ಮಾಮು ಬಿದ್ರಿ ಕೆಲಸದವರು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಕರಗಿಸಿ, ಮಣ್ಣಿನ ಅಚ್ಚಿಗೆ ಹುಯ್ದು ಹೂಜಿಯನ್ನೋ ಹೂದಾನಿಯನ್ನೋ ತೆಗೆಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರಿ ಅದರ ಮೈಯನ್ನು ಸದ್ಯಕ್ಕೆ ಕಪ್ಪು ಮಾಡಿಕೊಳ್ಳುತ್ತಾರೆ. ಉಳಿ ಎಳೆದ ಗೆರೆ ಆಗ ಬೆಳ್ಳಗೆ ಕಾಣುತ್ತದೆ. ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನಿಟ್ಟು ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸಿದರೆ ತಾರ್‌ಕಶಿ, ಬೆಳ್ಳಿಯ ತಗಡನ್ನು ಕೂರಿಸಿದರೆ ತೆಹ್‌ನಿಶಾನ್. ಕೊನೆಯದು ಮಣ್ಣಿನ ಕೆಲಸ. ಬೀದರ ಕೋಟೆಯ ಹಳೆಯ ಕಟ್ಟಡಗಳ ಒಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದ ಜತೆ ನೀರಿನಲ್ಲಿ ಕಲಸಿ ಕಾಯಿಸಿ, ಅದರಲ್ಲಿ ಸಾಮಾನನ್ನು ಅದ್ದುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಎಲ್ಲ ಮಣ್ಣಿಗೂ ಈ ಗುಣವಿಲ್ಲ. ಮಾಮು ಒಂದು ಚಿಟಿಕೆ ಮಣ್ಣನ್ನು ನಾಲಗೆಯ ತುದಿಗೆ ಇಟ್ಟು ಕಣ್ಣು ಮುಚ್ಚಿಕೊಳ್ಳುತ್ತಾರೆ. ಆಮೇಲೆ 'ಹಾಂ' ಅಥವಾ 'ನಹೀಂ'. ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದ್ದು ಊರಿಗೆಲ್ಲ ಹಬ್ಬದಂತಾಗಿತ್ತು. ನಮ್ಮ ಕೆಲಸವನ್ನೂ ದಿಲ್ಲಿಯವರು ನೋಡುತ್ತಾರೆ ಎಂಬ ಧೈರ್ಯ ಗಲ್ಲಿಗಳಿಗೆ ಬಂತು. ಜತೆಗೆ ಫಾರಂಗಳ ಓಡಾಟವೂ ಶುರುವಾಯಿತು. ಮಾಮುವಿಗೆ ಬಂದ ಫಾರಂ ಅಷ್ಟು ದೊಡ್ಡದಲ್ಲ. ಹಿರಿಯ ಕುಶಲಕರ್ಮಿಗಳಿಗೆಂದು ಒಂದು ಕಚೇರಿ ಕೊಡುವ ಸನ್ಮಾನ, ಶಾಲು, ಒಂದಿಷ್ಟು ಹಣ. ಅದರ ಜತೆ ಒಂದು ಪುಟದ ಪರಿಚಯ ಬೇಕು. ಇಂಗ್ಲಿಷಿನದು ಕಚೇರಿಗೆ, ಕನ್ನಡದ್ದು ಸ್ಮರಣ ಸಂಚಿಕೆಗೆ. ಉರ್ದುವಿನದನ್ನು ಯಾರೂ ಕೇಳಿರಲಿಲ್ಲ. ತಮ್ಮ ಬಗ್ಗೆ ಏನು ಬರೆದಿದ್ದಾರೆಂದು ಮಾಮುವಿಗೆ ಓದಿ ಹೇಳಬೇಕಲ್ಲ, ಅದಕ್ಕೆ.

ಹೊರಗಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ಚಹಾ ಬಂತು, ಖಾರಾ ಬಿಸ್ಕತ್ತು ಬಂತು. ಒಳಗಿನಿಂದ ಟಕ್ ಟಕ್ ಎಂದು ಸುತ್ತಿಗೆಯ ಸಣ್ಣ ಸದ್ದು ಬರುತ್ತಿತ್ತು. ಆ ಮನೆಯಲ್ಲಿ ಅದು ಗೋಡೆಯ ಗಡಿಯಾರದಂತೆ. ಇರುತ್ತದೆ, ಕೇಳಿಸುವುದಿಲ್ಲ.

ಇಂಗ್ಲಿಷು ಬೇಗ ಮುಗಿಯಿತು. ಫಾರಮ್ಮಿನಲ್ಲೇ 'ಏರಿಯಾ ಆಫ್ ಎಕ್ಸ್‌ಪರ್ಟೀಸ್' ಎಂಬ ಚೌಕವಿತ್ತು. ಪರಿಚಯದ ಮೊದಲ ವಾಕ್ಯಕ್ಕೆ ಅದನ್ನೇ ಎತ್ತಿಕೊಂಡು, ಬಿದ್ರಿ ಕಲಾವಿದರು, 'ಹೂಸ್' ಏರಿಯಾ ಆಫ್ ಎಕ್ಸ್‌ಪರ್ಟೀಸ್ ಬೆಳ್ಳಿಯ ಕುಸುರಿ, ಎಂದು ಜೋಡಿಸಿದೆವು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಈ 'ಹೂಸ್' ಪದವನ್ನು ಮೊದಲ ಸಲ ಗಟ್ಟಿಯಾಗಿ ಉಚ್ಚರಿಸಿದಾಗ ಇಡೀ ತರಗತಿ ಮೂಗು ಮುಚ್ಚಿಕೊಂಡು ನಕ್ಕಿದ್ದು ನೆನಪಾಗುತ್ತದೆ. ಕನ್ನಡದಲ್ಲಿ ಅದರ ಅರ್ಥವೇನೆಂದು ಓದುಗರಿಗೆ ಹೇಳಬೇಕಾಗಿಲ್ಲ. ನಗು ತಣ್ಣಗಾದ ಮೇಲೆ ಮೇಷ್ಟ್ರು ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಬರೆದರು. 'ಇವನು ಒಬ್ಬ ಮನುಷ್ಯ. ಇವನ ಮನೆ ಸುಟ್ಟುಹೋಯಿತು.' ಇವೆರಡನ್ನೂ ಕೂಡಿಸಿ. 'ಇವನ' ಎಂಬುದನ್ನು ಅಳಿಸಿ ಆ ಜಾಗದಲ್ಲಿ ನಗು ಬರಿಸಿದ ಪದವನ್ನು ಕೂರಿಸಿದರೆ ಎರಡೂ ವಾಕ್ಯ ಒಂದಾಗುತ್ತಿದ್ದವು, ಮನುಷ್ಯನ ಬೆನ್ನಿಗೆ ಅವನ ಮನೆ ಅಂಟಿಕೊಳ್ಳುತ್ತಿತ್ತು.

ಈ ಪದದ ಕರಾಮತ್ತು ಗೊತ್ತಾದದ್ದು ಆಮೇಲೆ. ಪುಸ್ತಕಗಳ ಬೆನ್ನಿನ ಮೇಲೆ, ವಿಚಾರ ಸಂಕಿರಣಗಳ ಆಹ್ವಾನ ಪತ್ರಿಕೆಯಲ್ಲಿ, ಪತ್ರಿಕೆಯ ಲೇಖನದ ಬುಡದಲ್ಲಿ ಅದು ಕೂತಿರುತ್ತದೆ. ಒಂದು ಹೆಸರು, ಒಂದು ಅಲ್ಪವಿರಾಮ, ಆಮೇಲೆ ಈ ಪದ, ಆಮೇಲೊಂದು ವಿದ್ಯೆ. ಅಷ್ಟರಲ್ಲಿ ಹೆಸರಿನವರು ಆ ವಿದ್ಯೆಯ ಒಡೆಯರಾಗಿರುತ್ತಾರೆ. ಹೊಲದ ಪಹಣಿಯಲ್ಲಿ ಹೆಸರು ಬಿದ್ದ ಹಾಗೆ. ವಿದ್ಯೆಗೆ 'ಏರಿಯಾ' ಎಂದು, ಕನ್ನಡದಲ್ಲಿ 'ಕ್ಷೇತ್ರ' ಎಂದು, ಉರ್ದುವಿನಲ್ಲಿ 'ಮೈದಾನ್' ಎಂದು ಹೇಳುವ ಪರಿಪಾಠವೂ ಸುಮ್ಮನೆ ಬಂದದ್ದಲ್ಲ. ಮೂರಕ್ಕೂ ಬೇಲಿ ಹಾಕಬಹುದು.

ಕನ್ನಡಕ್ಕೆ ಬಂದಾಗ ಪೆನ್ನು ನಿಂತಿತು. 'ಯಾರ ಪರಿಣತಿಯ ಕ್ಷೇತ್ರವು ಬೆಳ್ಳಿಯ ಕುಸುರಿಯಾಗಿದೆಯೋ ಅಂತಹ ಕಲಾವಿದರು' ಎಂದು ಬರೆದು ಓದಿಕೊಂಡರೆ ತಹಶೀಲ್ದಾರರ ನೋಟೀಸಿನಂತೆ ಕೇಳಿಸಿತು. ಇದು ವ್ಯಾಕರಣದ ತಪ್ಪಲ್ಲ. 'ಯಾರು ದುಡಿಯುತ್ತಾರೋ ಅವರು ಉಣ್ಣುತ್ತಾರೆ' ಎಂದು ಕನ್ನಡಿಗರು ಹೇಳುತ್ತಾರೆ. ಆದರೆ 'ಯಾರ' ಎಂದು ಶುರುಮಾಡಿ 'ಅಂತಹ' ಎಂದು ಮುಟ್ಟುವ ಹೊತ್ತಿಗೆ ಉಸಿರು ಕಟ್ಟಿರುತ್ತದೆ. ನಮ್ಮ ಕನ್ನಡ ಮೇಷ್ಟ್ರು ಇದನ್ನು ಒಂದೇ ಏಟಿಗೆ ಬಿಡಿಸಿದ್ದರು. ಉರ್ದು ಶಾಲೆಯ 'ಜಿಸ್ ಕಾ, ಜಿಸ್ ಕೀ, ಜಿಸ್ ಕೇ' ಬಾಯಿಪಾಠದ ಗುಂಗಿನಲ್ಲಿ ನಾವು 'ಯಾರ ತಂದೆ ಬಡಗಿಯೋ ಆ ಹುಡುಗ ಬಂದನು' ಎಂದು ಬರೆದಿದ್ದೆವು. ಅವರು ಅದನ್ನು ಉದ್ದಕ್ಕೂ ಹೊಡೆದುಹಾಕಿ, ಮೇಲೆ 'ಬಡಗಿಯ ಮಗ ಬಂದ' ಎಂದು ಬರೆದರು. "ಇಷ್ಟು ಸುತ್ತು ಹಾಕ್ಕೊಂಡು ಬಂದ್ರೆ ಹುಡುಗ ಬರೋ ಹೊತ್ತಿಗೆ ಶಾಲೆ ಬಿಟ್ಟಿರ್ತದೆ" ಎಂದರು.

ಕನ್ನಡದ ದಾರಿ ಬೇರೆ. ಅದು ಮನುಷ್ಯನ ಮುಂದೆ ಕೆಲಸವನ್ನು ಇಡುತ್ತದೆ. ಹಾಡುವ ಹುಡುಗಿ, ಬಿತ್ತಿದ ರೈತ, ನಾವು ಕುಡಿದ ಚಹಾ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗಲೇ, ಬೇರೆ ಕಡೆ ಸರ್ವನಾಮ ಮಾಡುವ ಈ ಜೋಡಣೆಯನ್ನು ಇಲ್ಲಿ ಕ್ರಿಯಾಪದದ ಒಂದು ರೂಪವೇ ಮಾಡುತ್ತದೆಂದು ಗುರುತಿಸಿದ್ದರು. ಡಿ.ಎನ್. ಶಂಕರ ಭಟ್ಟರು 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕದ ಹೆಸರಿನಲ್ಲೇ ಹೇಳಬೇಕಾಗಿ ಬಂದದ್ದು ಇಂಥವಕ್ಕೆಲ್ಲ ಸೇರಿಸಿಯೇ ಇರಬೇಕು. ನಮ್ಮ ಮನೆಯ ದಖ್ಖನಿಯೂ ಈ ವಿಷಯದಲ್ಲಿ ಕನ್ನಡದ ನೆರೆಮನೆಯದು. ಪುಸ್ತಕದ ಉರ್ದು 'ಜೋ ಆದ್ಮಿ ಕಲ್ ಆಯಾ ಥಾ ವೋ' ಎಂದರೆ, ನಮ್ಮ ಅಮ್ಮಿ 'ಕಲ್ ಆಯೆ ಸೋ ಆದ್ಮಿ' ಎನ್ನುತ್ತಿದ್ದರು. ನಿನ್ನೆ ಬಂದ ಮನುಷ್ಯ. ಪದಗಳು ಉತ್ತರದವು, ನಡಿಗೆ ಇಲ್ಲಿಯದು. ಉರ್ದು ಶಾಲೆಯಲ್ಲಿ ಇದಕ್ಕೂ ಕಿವಿ ಹಿಂಡಿಸಿಕೊಂಡಿದ್ದೇವೆ.

ಈ ಕನ್ನಡದ ದಾರಿಯಲ್ಲಿ ಒಂದು ಹಳ್ಳ ಇದೆ. ಕೆಲಸ ಮಾಡಿದವರನ್ನು ಅದು ಸಲೀಸಾಗಿ ದಾಟಿಸುತ್ತದೆ, ಒಡೆತನ ಬಂದಾಗ ಕಾಲು ಜಾರುತ್ತದೆ. 'ಮಗ ಸತ್ತ ತಾಯಿ' ಎಂದರೆ ತೊಂದರೆಯಿಲ್ಲ, ಸತ್ತದ್ದು ಯಾರೆಂದು ಗೊತ್ತಾಗುತ್ತದೆ. 'ಮನೆ ಸುಟ್ಟವರು' ಎಂದರೆ? ಮನೆಗೆ ಬೆಂಕಿ ಇಟ್ಟವರೋ, ಮನೆ ಕಳೆದುಕೊಂಡವರೋ? ಸುಡುವುದೆಂಬ ಕ್ರಿಯೆ ಎರಡೂ ಕಡೆಯವರಿಗೆ ಒಂದೇ. ಬಹಳ ವರ್ಷಗಳ ಹಿಂದೆ ಗಲಭೆಯೊಂದರ ನಂತರ ಪತ್ರಿಕೆಯೊಂದರಲ್ಲಿ 'ಅಂಗಡಿ ಸುಟ್ಟವರಿಗೆ ಪರಿಹಾರ' ಎಂಬ ತಲೆಬರಹ ಓದಿ, ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದೆವು. ನಮ್ಮ ಪರಿಚಯದವರ ಎರಡು ಅಂಗಡಿಗಳು ಅದರಲ್ಲಿದ್ದವು. 'ಸುಟ್ಟುಹೋದ' ಎಂದು ಒಂದು 'ಹೋದ' ಸೇರಿಸಿದ್ದರೆ ಮುಗಿಯುತ್ತಿತ್ತು. ಕನ್ನಡ ಅಷ್ಟು ಅನುಕೂಲ ಇಟ್ಟಿದೆ. ಬಳಸುವವರಿಗೆ ತುರ್ತು ಇರಲಿಲ್ಲ ಅಷ್ಟೇ.

ಇದು ಕನ್ನಡ ಒಂದರದೇ ಪಾಡಲ್ಲ. ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಸುಮಾರು 50 ಭಾಷೆಗಳನ್ನು ಹೋಲಿಸಿ 1977ರಲ್ಲಿ ಒಂದು ಏಣಿಯನ್ನು ಮುಂದಿಟ್ಟರು. ಹೀಗೆ ಒಬ್ಬ ವ್ಯಕ್ತಿಗೆ ವಾಕ್ಯವನ್ನು ಅಂಟಿಸುವಾಗ, ಕೆಲಸ ಮಾಡಿದವನಿಗೆ ಅಂಟಿಸುವುದು ಎಲ್ಲ ಭಾಷೆಗಳಿಗೂ ಸುಲಭ. ಒಡೆಯನಿಗೆ ಅಂಟಿಸುವುದು ಕೆಳಗಿನ ಮೆಟ್ಟಿಲುಗಳಲ್ಲಿ ಬರುತ್ತದೆ, ಅಲ್ಲಿಗೆ ಇಳಿಯುವಷ್ಟರಲ್ಲಿ ಅನೇಕ ಭಾಷೆಗಳು ಕೈಚೆಲ್ಲುತ್ತವೆ ಅಥವಾ ಬೇರೆ ಉಪಾಯ ಹುಡುಕುತ್ತವೆ. ಮಸೀದಿಯಲ್ಲಿ ಕಲಿತ ಚೂರುಪಾರು ಅರಬ್ಬಿಯಲ್ಲೂ ಹೀಗೇ. ಅಲ್ಲಿ 'ಯಾರ' ಎಂಬ ಒಂದೇ ಪದವಿಲ್ಲ. 'ಆ ಮನುಷ್ಯ, ಅವನ ಮನೆ ಸುಟ್ಟಿತಲ್ಲ, ಅವನು' ಎಂಬಂತೆ 'ಅವನ' ಎಂಬುದನ್ನು ಒಳಗೆ ಉಳಿಸಿಕೊಳ್ಳುತ್ತಾರೆ. ಮಾಡಿದವರು ಯಾರೆಂದು ಹೇಳುವುದು ಸುಲಭ, ಯಾರದು ಎಂದು ಹೇಳುವುದು ಕಷ್ಟ ಎಂಬ ಈ ಮಾತು ಓದಿದಾಗ ವ್ಯಾಕರಣದ ಮಾತಾಗಿಯಷ್ಟೇ ಕಂಡಿತ್ತು.

ಹಾಗಾದರೆ ಒಬ್ಬರ ವಿದ್ಯೆಯನ್ನು ಹೇಳಲು ಕನ್ನಡ ಏನು ಮಾಡುತ್ತದೆ? ಹುಡುಕುತ್ತ ಹೋದಂತೆ ನೋಟೀಸಿನ ಕನ್ನಡ ಬಿಟ್ಟುಹೋಗಿ ಒಳ್ಳೆಯ ಮಾತುಗಳು ಒಂದೊಂದೇ ಬಂದವು. ನುರಿತವರು, ಪಳಗಿದವರು, ಹೆಸರಾದವರು. ವ್ಯಾಕರಣವನ್ನು ಅರೆದು ಕುಡಿದವರು. ಇಲ್ಲಿ ಯಾರೂ ಯಾವುದರ ಒಡೆಯರೂ ಅಲ್ಲ. ವಿದ್ಯೆ ಒಂದು ಹೊಲವಲ್ಲ, ಮೈಮೇಲೆ ಆದ ಒಂದು ಸಂಗತಿ. ದಿನವೂ ತಿಕ್ಕಿಸಿಕೊಂಡು ನುರಿಯುವುದು, ಕಾಡಾನೆಯಂತೆ ಪಳಗುವುದು, ಔಷಧಿಯಂತೆ ಅರೆದು ಕುಡಿಯುವುದು. ಇನ್ನೂ ಸರಳವಾಗಿ, 'ಅವರಿಗೆ ಆ ಕೆಲಸ ಬರುತ್ತದೆ'. ಉರ್ದುವಿನಲ್ಲೂ ಹಾಗೇ, 'ಉನ್ ಕೋ ಆತಾ ಹೈ'. ವಿದ್ಯೆ ಎಲ್ಲಿಂದಲೋ ನಡೆದು ಮನುಷ್ಯನ ಹತ್ತಿರ ಬರುತ್ತದೆ. ಬಂದದ್ದು ಇರುತ್ತದೆ, ಬಿಟ್ಟರೆ ಹೋಗುತ್ತದೆ. ಎರಡೂ ಭಾಷೆಗಳು ಕೂಡಿಕೊಂಡ ಇನ್ನೊಂದು ಜಾಗ ಕೈ. ಕನ್ನಡದಲ್ಲಿ 'ಆ ಕೆಲಸದಲ್ಲಿ ಎತ್ತಿದ ಕೈ'. ಉರ್ದುವಿನಲ್ಲಿ ಅರಬ್ಬಿಯಿಂದ ಬಂದ 'ಯದೆ ತೂಲಾ', ಅಂದರೆ ಉದ್ದನೆಯ ಕೈ. ಎತ್ತಿದ ಕೈಯೋ ಉದ್ದನೆಯ ಕೈಯೋ, ಅಂತೂ ಕೈಯನ್ನು ನೋಡಿದವರೇ ಈ ಮಾತುಗಳನ್ನು ಕಟ್ಟಿದ್ದಾರೆ.

ಹಿಗ್ಗಿ ಹೋದೆವು. 'ತಾರ್‌ಕಶಿಯಲ್ಲಿ ಎತ್ತಿದ ಕೈ, ಬೆಳ್ಳಿಗೆ ಪಳಗಿದ ಬೆರಳು' ಎಂದು ಕನ್ನಡ ಮುಗಿಸಿದೆವು. ಆ ಉಮೇದಿನಲ್ಲೇ ಉರ್ದು. ಉರ್ದುವಿನಲ್ಲಿ ಯಾವ ಹಳ್ಳವೂ ಇಲ್ಲ, 'ಜಿನ್ ಕಾ' ಎಂಬ ಸೇತುವೆ ಇದೆ. ಏಕವಚನದ 'ಜಿಸ್' ಅಲ್ಲ, ಗೌರವದ 'ಜಿನ್'. ಇದರ ಇನ್ನೊಂದು ಗುಣವೆಂದರೆ, ಅದು ಒಡೆಯರ ಮುಖ ನೋಡುವುದಿಲ್ಲ. ಮುಂದಿನ ವಸ್ತು ಗಂಡುಪದವಾದರೆ 'ಜಿನ್ ಕಾ', ಹೆಣ್ಣುಪದವಾದರೆ 'ಜಿನ್ ಕೀ'. ಆಳು ಗಂಡೋ ಹೆಣ್ಣೋ ಒಬ್ಬರೋ ನಾಲ್ವರೋ ಅದಕ್ಕೆ ಬೇಕಿಲ್ಲ. 'ಜಿನ್ ಕೀ ಉಂಗ್ಲಿಯಾಂ ಚಾಂದಿ ಕೀ ಜಬಾನ್ ಸಮಝ್ತೀ ಹೈಂ', ಯಾರ ಬೆರಳುಗಳು ಬೆಳ್ಳಿಯ ಭಾಷೆಯನ್ನು ಬಲ್ಲವೋ, ಎಂದು ಬರೆದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು.

ಮಾಮು ಗೋಡೆಗೆ ಒರಗಿ ಕೂತರು. ಮುಶಾಯಿರಾದ ಧಾಟಿಯಲ್ಲಿ ಓದಿದೆವು. ಅವರ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು. ಆಮೇಲೆ 'ಜಿನ್ ಕೀ ಉಂಗ್ಲಿಯಾಂ'.

ಒಳಗಿನ ಟಕ್ ಟಕ್ ನಿಂತಿತು.

"ಕಿಸ್ ಕೀ?" ಎಂದು ಮುಮಾನಿಯ ದನಿ ಕೇಳಿಸಿತು.

ಜಗಳದ ದನಿಯಲ್ಲ. ಸರಿಯಾಗಿ ಕೇಳಿಸಿಕೊಳ್ಳದವರು ಇನ್ನೊಮ್ಮೆ ಕೇಳುವ ದನಿ. ಯಾರ ಬೆರಳು ಅಂದೆ? ಮಾಮು ತಮ್ಮ ಎರಡೂ ಕೈಗಳನ್ನು ಮಡಿಲಿನಿಂದ ಎತ್ತಿ ನೋಡಿಕೊಂಡರು. ನಾವೂ ಆಗ ನೋಡಿದೆವು. ಕುಲುಮೆಯ ಬಿಸಿಗೆ ದಪ್ಪಗಟ್ಟಿದ, ಅರ ಹಿಡಿದು ಸೆಟೆದ ಬೆರಳುಗಳು. ಬಲಗೈ ಹೆಬ್ಬೆರಳು ಪೂರ್ತಿ ಮಡಚುವುದೂ ಇಲ್ಲ. ಆ ಬೆರಳುಗಳಿಂದ ಕೂದಲೆಳೆಯಂಥ ತಂತಿಯನ್ನು ಹಿಡಿಯಲು ಸಾಧ್ಯವಿಲ್ಲವೆಂಬುದನ್ನು ಕಾಣಲು ಕತೆಗಾರರೇ ಬೇಕಾಗಿರಲಿಲ್ಲ. ಒಳಗೆ ಹೋದೆವು. ಕಿಟಕಿಯ ಬೆಳಕಿಗೆ ಮುಮಾನಿ ಕೂತಿದ್ದರು. ಒಂದು ಕೈಯಲ್ಲಿ ಸುತ್ತಿಗೆ, ಎದುರಿಗೆ ಅರಗಿನ ಮೇಲೆ ಕೂರಿಸಿದ ಹೂದಾನಿ, ತುಟಿಗಳ ನಡುವೆ ಬೆಳ್ಳಿಯ ತಂತಿ. ಇಪ್ಪತ್ತು ವರ್ಷಗಳಿಂದ ಆ ಮನೆಯ ಬೆಳ್ಳಿಯನ್ನೆಲ್ಲ ಕೂರಿಸುತ್ತಿರುವುದು ಅವರು. ಮಾಮುವಿನ ಕಣ್ಣು ಮಂಜಾದಾಗ ಸಹಾಯಕ್ಕೆಂದು ಶುರುವಾದದ್ದು. ಬಾಲ್ಯದಿಂದ ಆ ಮನೆಗೆ ಹೋಗಿಬಂದ ನಮಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಮೂರು ಭಾಷೆಗಳಲ್ಲಿ ಮೂರು ಸಲ ಬಿಟ್ಟಿದ್ದೆವು. ಚಹಾ ತಂದು ಕೊಟ್ಟವರು ಎಂದಷ್ಟೇ ಆ ಬೆಳಿಗ್ಗೆ ಅವರನ್ನು ನೋಡಿದ್ದು. ಈ ಬರಹದಲ್ಲೂ ಮೇಲೆ 'ಚಹಾ ಬಂತು' ಎಂದೇ ಬರೆದಿದ್ದೇವೆ. ತಾನಾಗಿಯೇ ನಡೆದು ಬಂದ ಹಾಗೆ.

ಉರ್ದುವಿನಲ್ಲಿ 'ಜಿಸ್' ಬೇರೆ, 'ಕಿಸ್' ಬೇರೆ. ಒಂದು ಜೋಡಿಸುತ್ತದೆ, ಇನ್ನೊಂದು ಪ್ರಶ್ನೆ ಕೇಳುತ್ತದೆ. ನಡುವೆ ಇರುವುದು ಒಂದೇ ಅಕ್ಷರ. ಮುಮಾನಿ ಮಾಡಿದ್ದು ಆ ಅಕ್ಷರವನ್ನು ಬದಲಿಸಿದ್ದು, ಅಷ್ಟೇ. ಕನ್ನಡದಲ್ಲಿ ಅಷ್ಟೂ ಬೇಕಿಲ್ಲ. 'ಯಾರ' ಎಂಬುದೇ ಜೋಡಿಸುವ ಪದ, 'ಯಾರ' ಎಂಬುದೇ ಪ್ರಶ್ನೆ. ಇಂಗ್ಲಿಷಿನ ನಗೆಪಾಟಲಿನ ಪದವೂ ಹಾಗೇ, ಎರಡಕ್ಕೂ ಒಂದೇ. ವಾಕ್ಯದ ಮಧ್ಯದಲ್ಲಿ ಬಂದಾಗ ಅದು ಪ್ರಶ್ನೆಯಾಗಿತ್ತೆಂಬುದನ್ನೇ ಮರೆತು ಉತ್ತರದಂತೆ ಓದಿಕೊಂಡು ಹೋಗುತ್ತೇವೆ. ಬರೆಯುವವರೂ ಮರೆತಿರುತ್ತಾರೆ.

"ನಿಮಗೆ ಯಾರು ಕಲಿಸಿದರು ಮುಮಾನಿ?" ಎಂದು ಕೇಳಿದೆವು. ತಡವಾಗಿ ಕೇಳಿದ ಪ್ರಶ್ನೆ. ತಂತಿಯನ್ನು ಬಾಯಿಂದ ತೆಗೆದು, "ಕೌನ್ ಸಿಖಾತೇ? ಆ ಗಯಾ" ಎಂದರು. ಯಾರು ಕಲಿಸ್ತಾರೆ? ಬಂತು.

ಆ ರಾತ್ರಿ ಬೀದರಿನಲ್ಲೇ ಉಳಿದೆವು. ಬಹಳ ಹೊತ್ತು ನಿದ್ದೆ ಬರಲಿಲ್ಲ. ಈ ಪದದ ಇನ್ನೊಂದು ಕಡೆಯಲ್ಲಿ ನಾವೂ ನಿಂತಿದ್ದೇವೆ. ಇಪ್ಪತ್ತು ವರ್ಷಗಳಿಂದ ಸಭೆಗಳಲ್ಲಿ ನಮ್ಮನ್ನು ಪರಿಚಯಿಸುವವರು ಒಂದೇ ವಾಕ್ಯ ಓದುತ್ತಾರೆ. 'ಮುಸ್ಲಿಂ ಬದುಕು ಯಾರ ಕತೆಗಳ ವಸ್ತುವೋ ಅಂತಹ...' ಪ್ರೀತಿಯಿಂದಲೇ ಓದುತ್ತಾರೆ, ಶಾಲನ್ನೂ ಹೊದಿಸುತ್ತಾರೆ. ನಮ್ಮ ಕತೆಗಳಲ್ಲಿ ಜೋಳದ ಹೊಲವಿದೆ, ಸಾಲ ವಸೂಲಿಗೆ ಬರುವ ಬ್ಯಾಂಕಿನ ಗುಮಾಸ್ತನಿದ್ದಾನೆ, ಕಾಲೇಜು ಬಿಟ್ಟ ಹುಡುಗಿಯ ಸಿಟ್ಟು ಇದೆ. ಅವೆಲ್ಲ ಯಾರವು? ಪಕ್ಕದ ಕುರ್ಚಿಯಲ್ಲಿ ಕೂತ ಮತ್ತೊಬ್ಬ ಕತೆಗಾರರು ಇಡೀ ಜೀವಮಾನ ಒಂದೇ ಅಗ್ರಹಾರದ ಬಗ್ಗೆ ಬರೆದಿದ್ದರೂ ಅವರನ್ನು 'ಮನುಷ್ಯ ಸಂಬಂಧಗಳ ಸೂಕ್ಷ್ಮ ಕತೆಗಾರರು' ಎಂದೇ ಕರೆಯುತ್ತಾರೆ. ಅವರ ಹೊಲಕ್ಕೆ ಬೇಲಿಯಿಲ್ಲ.

ಕೆ.ಎಸ್. ನಿಸಾರ್ ಅಹಮದ್ ಅವರನ್ನು ನೆನೆದು ಆ ರಾತ್ರಿ ಸ್ವಲ್ಪ ನಗುವೂ ಬಂತು. 1976ರ 'ನಿತ್ಯೋತ್ಸವ'ದಿಂದ ನಾಡಿನ ಬಾಯಲ್ಲಿ ಉಳಿದವರು, 2006ರಲ್ಲಿ ಶಿವಮೊಗ್ಗದಲ್ಲಿ ನಡೆದ 73ನೆಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಫಾರಮ್ಮಿನ ಚೌಕದಲ್ಲಿ ಅವರ 'ಏರಿಯಾ'ವನ್ನು ತುಂಬಬೇಕಾಗಿ ಬಂದಿದ್ದರೆ 'ಭೂವಿಜ್ಞಾನ' ಎಂದು ಬರೆಯಬೇಕಿತ್ತು. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದದ್ದು ಅದನ್ನೇ. ಕಲ್ಲು ಮಣ್ಣು ಯಾರ ಕ್ಷೇತ್ರವೋ ಅವರು! ಕೋಟೆಯ ಮಣ್ಣನ್ನು ನಾಲಗೆಯ ಮೇಲಿಟ್ಟು ನೋಡುವ ಮಾಮುವಿಗೂ ಅದೇ ಚೌಕ, ಅದೇ ಉತ್ತರ. ಇಬ್ಬರನ್ನೂ ಒಂದೇ ವಿಭಾಗದಲ್ಲಿ ಕೂರಿಸಿದರೆ ಹೇಗಿರುತ್ತಿತ್ತು ಎಂದು ಯೋಚಿಸುತ್ತ ನಿದ್ದೆ ಹತ್ತಿತು.

ಬೆಳಿಗ್ಗೆ ಮೂರೂ ಕಾಗದಗಳನ್ನು ಹರಿದೆವು. ಮಾಮುವನ್ನೂ ಮುಮಾನಿಯನ್ನೂ ಎದುರು ಕೂರಿಸಿಕೊಂಡು, "ನೀವೇ ಹೇಳಿ, ಬರೆದುಕೊಳ್ಳುತ್ತೇವೆ" ಎಂದೆವು. ಮಾಮು ಮಾತು ಹುಡುಕುತ್ತಿದ್ದಾಗ ಮುಮಾನಿಯೇ ಹೇಳಿದರು. "ಮಿಟ್ಟಿ ಉನೋ ದೇಖತೇ. ಕಲಂ ಛೋಟೇ ಭಾಯಿ ಮಾರತೇ. ಚಾಂದಿ ಮೈ ಬಿಠಾತಿ." ಮಣ್ಣು ನೋಡುವವರು ಇವರು, ಉಳಿಯಿಂದ ಗೆರೆ ಕೊರೆಯುವುದು ಮಾಮುವಿನ ತಮ್ಮ, ಬೆಳ್ಳಿ ಕೂರಿಸುವುದು ನಾನು. ಮೂರು ವಾಕ್ಯ, ಮೂವರು ಮನುಷ್ಯರು, ಮೂರು ಕೆಲಸ. ಒಂದರಲ್ಲೂ 'ಯಾರ' ಇಲ್ಲ. 'ಬಿದ್ರಿ' ಎಂಬ ಹೆಸರಿನಲ್ಲೇ ಅದಕ್ಕೆ ಉತ್ತರ ಇದೆಯೆಂದು ಆಗ ಹೊಳೆಯಿತು. ಬೀದರ್ ಎಂಬ ಊರಿನ ತುದಿಗೆ ಫಾರಸಿಯ ಒಂದು 'ಈ' ಹಚ್ಚಿದರೆ ಬಿದ್ರಿ. ಬೀದರಿನದು ಎಂದಷ್ಟೇ ಅರ್ಥ. ಭೌಗೋಳಿಕ ಸೂಚಕದ ಮುದ್ರೆ ಸಿಕ್ಕಾಗಲೂ ಅದು ಸಿಕ್ಕಿದ್ದು ಊರಿನ ಹೆಸರಿಗೆ.

ಕಷ್ಟ ಬಂದದ್ದು ಫಾರಮ್ಮಿನದು. ಅದರಲ್ಲಿ ಒಂದೇ ಹೆಸರಿಗೆ ಜಾಗ. "ಅವಳ ಹೆಸರು ಹಾಕು" ಎಂದರು ಮಾಮು. "ನನ್ನ ಹೆಸರು ಯಾಕೆ, ಅಂಗಡಿ ಇವರದು" ಎಂದರು ಮುಮಾನಿ. ಹಾಗೆ ಹೇಳುವಾಗ ಅವರ ದನಿ ತಗ್ಗಿತ್ತು. ರಾತ್ರಿ ಇಬ್ಬರ ನಡುವೆ ಏನು ಮಾತಾಯಿತೋ ನಮಗೆ ಗೊತ್ತಿಲ್ಲ, ಕೇಳಲೂ ಇಲ್ಲ. ನಾವು ನಮಗೆ ತಿಳಿದ ಒಂದು ಉದಾಹರಣೆ ಹೇಳಿದೆವು. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಎಂಬ ಪುಸ್ತಕವಾಗಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದವಲ್ಲ, ಆ ಪ್ರಶಸ್ತಿಯ 50,000 ಪೌಂಡನ್ನು ಬರೆದವರಿಗೂ ಅನುವಾದಿಸಿದವರಿಗೂ ಅರ್ಧರ್ಧ ಹಂಚುವುದು ಅಲ್ಲಿಯ ನಿಯಮ. ಪುಸ್ತಕ ಯಾರದು ಎಂದು ಯಾರಾದರೂ ಕೇಳಿದರೆ ಎರಡು ಹೆಸರು ಹೇಳಬೇಕು. ಮಾಮುವಿಗೆ ಬೂಕರ್ ಏನೆಂದು ತಿಳಿಯಲಿಲ್ಲ, ಅರ್ಧರ್ಧ ಎಂಬುದು ತಿಳಿಯಿತು. "ಹಾಗಾದರೆ ನಮ್ಮದು ಮೂರು ಪಾಲು" ಎಂದರು.

ಹೆಸರಿನ ಚೌಕದಲ್ಲಿ ಮೂರು ಹೆಸರುಗಳನ್ನು ಇರುವೆ ಸಾಲಿನಂತೆ ಬರೆದೆವು. ಏರಿಯಾ ಆಫ್ ಎಕ್ಸ್‌ಪರ್ಟೀಸ್ ಚೌಕ ಸಾಲದೆ ಅಂಚಿಗೂ ಹರಿಯಿತು: ಮಣ್ಣು ನೋಡುವುದು, ಗೆರೆ ಕೊರೆಯುವುದು, ಬೆಳ್ಳಿ ಕೂರಿಸುವುದು. ಇಂಗ್ಲಿಷ್ ಪರಿಚಯದಿಂದ ಆ ಪದವನ್ನು ತೆಗೆದುಹಾಕಿ ಮೂರು ಸಣ್ಣ ವಾಕ್ಯ ಬರೆದೆವು. ನಮ್ಮ ಇಂಗ್ಲಿಷ್ ಮೇಷ್ಟ್ರು ನೋಡಿದ್ದರೆ 'ಕೂಡಿಸಿ' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಸಹಿಯ ಜಾಗದಲ್ಲಿ ಮಾಮು ಉರ್ದುವಿನಲ್ಲಿ, ಅವರ ತಮ್ಮ ಕನ್ನಡದಲ್ಲಿ ಸಹಿ ಮಾಡಿದರು. ಮುಮಾನಿ ಉರ್ದುವಿನಲ್ಲಿ ಹೆಸರು ಬರೆದರು, ನಿಧಾನವಾಗಿ, ತಂತಿ ಕೂರಿಸುವ ಹಾಗೆಯೇ ಒಂದೊಂದು ಅಕ್ಷರದ ತಿರುವನ್ನೂ ಒತ್ತಿ. ನುಖ್ತೆಗಳನ್ನು ಕೊನೆಯಲ್ಲಿ ಇಟ್ಟರು.

ಎರಡು ತಿಂಗಳಾದ ಮೇಲೆ ಕಚೇರಿಯಿಂದ ಮಾಮುವಿಗೆ ಫೋನು ಬಂತಂತೆ. ಸೌಜನ್ಯದ ಮನುಷ್ಯ, ಬೀದರ ಸೀಮೆಯ ಕನ್ನಡದಲ್ಲೇ ಮಾತಾಡಿದನಂತೆ. "ಅಜ್ಜಾರ, ಅರ್ಜಿ ಭಾಳ ಛಲೋ ಅದ. ಆದ್ರ ಕಂಪ್ಯೂಟರ್ ಮೂರು ಹೆಸರು ತಗೋಳಂಗಿಲ್ಲ. ಇದು ಯಾರದು ಅಂತ ಒಂದು ಹೆಸರು ಹೇಳ್ರಿ."

ಮಾಮು ಏನೂ ಹೇಳದೆ ಫೋನನ್ನು ಮುಮಾನಿಯ ಕೈಗೆ ಕೊಟ್ಟರಂತೆ.